ಜೇವರ್ಗಿ ಫೈಲಿನ ಹೆಸರುಗಳು

ಮಾದೇವಿ ಅಕ್ಕ, ಜೇವರ್ಗಿ ಫೈಲಿನ ಹೆಸರುಗಳು ನಿಮ್ಮ ಕೈಯಿಂದ ಬಿಟ್ಟುಹೋಗಿರಲಿಲ್ಲ. ಅಳಿಸಿದವನು ನಾನು. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ. ಆರು ವರ್ಷ ಕೂತೆ — ಕೂತು ಉಂಡೆ, ಮಲಗಿದೆ, ಹೆಸರನ್ನೂ ಮಾಡಿದೆ.

ಆಳಂದದ ಆ ಎರಡು ಕೋಣೆಯ ಕಂಪ್ಯೂಟರ್ ಕೇಂದ್ರದಲ್ಲಿ ನೀವು ಟೈಪಿಸ್ಟ್, ನಾನು ಪ್ರೋಗ್ರಾಮರ್. ಹೆಣ್ಣುಮಕ್ಕಳ ಹಾಸ್ಟೆಲಿಗೆ ಅರ್ಜಿ ಹಾಕಿದವರ ಪಟ್ಟಿ, ಮೂರು ತಾಲ್ಲೂಕಿನದು. ಅರ್ಜಿ ನೋಡಿ ಟೈಪ್ ಮಾಡುವುದು ನಿಮ್ಮ ಕೆಲಸ, ಚೊಕ್ಕ ಮಾಡಿ ಒಂದುಗೂಡಿಸುವುದು ನನ್ನದು. ರದ್ದಾದ ಅರ್ಜಿಯನ್ನು ನೀವು ಎಂದೂ ಅಳಿಸುತ್ತಿರಲಿಲ್ಲ. ಅದರ ಹಿಂದೊಂದು, ಮುಂದೊಂದು ಹ್ಯಾಶ್ (#) ಗುರುತು ಹಾಕಿ ಹಾಗೇ ಬಿಡುತ್ತಿದ್ದಿರಿ. ನಾಳೆ ಆ ಹುಡುಗಿಯ ಅಪ್ಪ ಬಂದು ಕೇಳಿದರೆ ತೋರಿಸುವುದಕ್ಕಾದರೂ ಹೆಸರು ಇರಬೇಕು ಅನ್ನುತ್ತಿದ್ದಿರಿ.

ರೆಗೆಕ್ಸ್ ಅಂದರೇನು ಎಂದು ನೀವು ಒಮ್ಮೆ ಕೇಳಿದ್ದಿರಿ. ನಾನು ದಿಮಾಕಿನಿಂದ, ಅದು ನಿಮಗೆ ತಿಳಿಯುವುದಲ್ಲ ಬಿಡಿ ಅಂದಿದ್ದೆ. ಈಗ ಹೇಳುತ್ತೇನೆ. ಒಂದೊಂದೇ ಹೆಸರು ಹುಡುಕುವ ಬದಲು, ಇಂಥ ಆಕಾರದ ಬರಹ ಎಲ್ಲಿದ್ದರೂ ಹಿಡಿ ಎಂದು ಕಂಪ್ಯೂಟರಿಗೆ ಕೊಡುವ ಅಪ್ಪಣೆ ಅದು. ನಾನು ಕೊಟ್ಟದ್ದು ಇಷ್ಟೇ: ಹ್ಯಾಶ್‌ನಿಂದ ಹ್ಯಾಶ್‌ವರೆಗೆ ನಡುವೆ ಏನಿದ್ದರೂ ತೆಗೆ. ಆಳಂದ, ಅಫಜಲಪುರದ ಫೈಲುಗಳಲ್ಲಿ ಒಬ್ಬ ಹುಡುಗಿಗೆ ಒಂದೇ ಸಾಲು. ವಿಮ್ ಎಂಬ ಎಡಿಟರಿನಲ್ಲಿ ಓಡಿಸಿದೆ. ಅಲ್ಲಿ ಆ 'ಏನಿದ್ದರೂ' ಅನ್ನುವುದು — ಬರೆಯುವಾಗ ಅದೊಂದು ಚುಕ್ಕೆ — ಸಾಲಿನ ತುದಿಗೆ ಬಂದು ನಿಲ್ಲುತ್ತದೆ, ಹಾಗಾಗಿ ರದ್ದಾದವು ಮಾತ್ರ ಹೋದವು. ಜೇವರ್ಗಿಯವರ ವಿಳಾಸಗಳೋ — ತಾಂಡಾ, ಗಲ್ಲಿ, ಅಂಚೆ ಎಂದು ಮೂರು ಮೂರು ಸಾಲು. ಅಲ್ಲಿನ ರದ್ದಾದವನ್ನು ವಿಮ್ ಹಿಡಿಯಲಿಲ್ಲ. ಅದೇ ಅಪ್ಪಣೆಯನ್ನು ಪೈಥಾನ್ ಎಂಬ ಪ್ರೋಗ್ರಾಮ್ ಭಾಷೆಯಲ್ಲಿ ಬರೆದು, ಸಾಲು ದಾಟು ಎಂದು ಸಡಿಲ ಬಿಟ್ಟೆ. ದಾಟಿತು. ಮೊದಲ ಹ್ಯಾಶ್‌ನಿಂದ ಹೊರಟದ್ದು ಹತ್ತಿರದ ಹ್ಯಾಶಿಗೆ ನಿಲ್ಲದೆ, ಫೈಲಿನ ಕಟ್ಟಕಡೆಯ ಹ್ಯಾಶ್‌ವರೆಗೆ ನಡುವಿನ ಹುಡುಗಿಯರನ್ನೆಲ್ಲ ನುಂಗಿತು. ಹತ್ತಿರದಲ್ಲೇ ನಿಲ್ಲು ಅನ್ನಲು ಪೈಥಾನ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಸಾಕು, ವಿಮ್‌ನಲ್ಲಿ ಅದನ್ನು ಬೇರೆ ರೀತಿ ಬರೆಯಬೇಕು. ನಾನು ಎರಡೂ ಕಡೆ ಬರೆದಿರಲಿಲ್ಲ. ಮೂರೂ ಫೈಲು ಕೂಡಿಸಿ ಕಳಿಸಿದೆ, ತಿರುಗಿ ನೋಡಲೂ ಇಲ್ಲ.

ಪಟ್ಟಿ ಹೊರಬಿದ್ದ ಮರುದಿನ ಜೇವರ್ಗಿಯಿಂದ ತಂದೆತಾಯಿಗಳು ಬಂದು ನಿಂತರು. ಕೇಂದ್ರದ ಸಾಹೇಬರು ನಮ್ಮಿಬ್ಬರನ್ನೂ ಕರೆದರು. ಅಷ್ಟರಲ್ಲಿ ನಾನು ನೋಡಿಯಾಗಿತ್ತು ಅಕ್ಕ. ನೀವು ಟೈಪ್ ಮಾಡಿದ ಮೂಲ ಫೈಲು ನನ್ನ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿತ್ತು, ಇಡಿಯಾಗಿ, ಒಂದು ಹೆಸರೂ ತಪ್ಪದೆ. ಎಲ್ಲವನ್ನೂ ಟೈಪ್ ಮಾಡಿದ್ದೇನೆ ಎಂದು ನೀವು ಹೇಳಿದಿರಿ. ಸಾಹೇಬರು ನನ್ನ ಕಡೆ ನೋಡಿದರು.

"ನನ್ನ ಕಡೆ ಬಂದ ಫೈಲಿನಾಗ ಆ ಹೆಸರು ಇರಲೇ ಇಲ್ಲರಿ."

ಅಷ್ಟೇ ಮಾತು. ಹೇಳುವಾಗ ನನ್ನ ದನಿಯೂ ನಡುಗಲಿಲ್ಲ.

ಆಮೇಲೆ ನಾಲ್ಕು ದಿನ ನೀವು ಅರ್ಜಿಯ ಗಂಟು ಬಿಚ್ಚಿಕೊಂಡು ಜೇವರ್ಗಿಯದನ್ನೆಲ್ಲ ಮತ್ತೆ ಟೈಪ್ ಮಾಡಿದಿರಿ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಅದೇ ಫೈಲು ನನ್ನ ಹತ್ತಿರ ಇತ್ತು — ಒಂದು ಬಟನ್ ಒತ್ತಿದ್ದರೆ... ಒತ್ತಲಿಲ್ಲ. ನಿಮಗೆ ಚಹಾ ತರಿಸಿಕೊಟ್ಟೆ. ಬೆನ್ನು ನೋಯುತ್ತದೇನ್ರಿ ಎಂದು ಕೇಳಿದೆ ಕೂಡ. ಥೂ! ಎರಡನೆಯ ಪಟ್ಟಿಯಲ್ಲಿ ಹುಡುಗಿಯರ ಹೆಸರು ಬಂತು. ನಿಮಗೆ ಮಾತ್ರ ಸೋಮವಾರದಿಂದ ಬರಬೇಡಿ ಅಂದರು.

ನಾನು ಏನು ಮಾಡಿದೆ ಗೊತ್ತೇ? ಒಂದು ಹೋಲಿಕೆಯ ತಖ್ತೆ ಮಾಡಿದೆ. ಯಾವ ಎಡಿಟರಿನಲ್ಲಿ ಚುಕ್ಕೆ ಸಾಲು ದಾಟುತ್ತದೆ, ಯಾವುದರಲ್ಲಿ ಇಲ್ಲ. ಹಿಡಿದ ತುಂಡನ್ನು ಮತ್ತೆ ಹಾಕಲು ಪೈಥಾನ್‌ಗೆ ಒಂದು ಗುರುತು, ಜಾವಾಸ್ಕ್ರಿಪ್ಟ್‌ಗೆ ಇನ್ನೊಂದು. ಅಫಜಲಪುರದ ಕಾಲೇಜಿನವರು ಕರೆಸಿ ಪಾಠ ಮಾಡಿಸಿದರು, ಶಾಲು ಹೊದಿಸಿದರು. ತಖ್ತೆಯ ಮೊದಲ ಸಾಲನ್ನು, ಆ ಚುಕ್ಕೆಯದನ್ನು, ಎಲ್ಲಿ ಕಲಿತಿರಿ ಎಂದು ವಿದ್ಯಾರ್ಥಿನಿ ಒಬ್ಬಳು ಕೇಳಿದಾಗ, ಅನುಭವ ಅಂದೆ. ಆ ಅನುಭವದ ಬೆಲೆ ಕೊಟ್ಟವರು ನೀವು.

ಈ ಕಾಗದದ ಒಂದು ಪ್ರತಿಯನ್ನು ನಿಮ್ಮ ಮೂಲ ಫೈಲಿನ ಜೊತೆ ಸಾಹೇಬರಿಗೆ ಕಳಿಸಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಆ ಮುಖ ನನಗಿಲ್ಲ. ಕಳೆದ ತಿಂಗಳು ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ನೀವು ಸಿಗದಿದ್ದರೆ ಇದನ್ನೂ ಬರೆಯುತ್ತಿರಲಿಲ್ಲವೇನೋ. ಈಗ ಹೊಲಿಗೆ ಮಾಡುತ್ತೀರಿ ಅಂದಿರಿ. ಆಮೇಲೆ ನೀವಾಗಿಯೇ ಆ ಪಟ್ಟಿಯ ಮಾತು ತೆಗೆದಿರಿ.

"ಅಷ್ಟು ಹೆಸರು ಹ್ಯಾಂಗ ಬಿಟ್ಟೆ ಅಂತ ಇನ್ನಾ ತಿಳೀವಲ್ದು ತಮ್ಮಾ. ಈಗ ಯಾರರ ಒಂದು ಅರ್ಜಿ ತುಂಬಿಕೊಡು ಅಂದ್ರ ಒಲ್ಲೆ ಅಂತೀನಿ. ನನ್ನ ಮ್ಯಾಲೆ ನನಗೇ ಭರೋಸಾ ಇಲ್ಲ."

ಹೇಳಬಹುದಿತ್ತು, ಅಲ್ಲೇ, ನಿಂತ ಕಾಲಲ್ಲೇ. ನಾನು ಅಂದದ್ದು, "ಹೋಗ್ಲಿ ಬಿಡ್ರಿ ಅಕ್ಕಾ, ಎಲ್ಲಾರ ಕೈಲೂ ತಪ್ಪಾಗ್ತದ."

ನೀವು ಸೆರಗಿನಿಂದ ಕಣ್ಣೊರೆಸಿಕೊಂಡು, ನಿಂದು ದೊಡ್ಡ ಮನಸು ಅಂದಿರಿ. ನಾನು ಅದಕ್ಕೂ ಹೂಂ ಅಂದೆ.