ಕನ್ನಡಕ ತೆಗೆದು ಮೂಸುತ್ತಿದ್ದ ಅಕ್ಕಾರು

ಅವರ ಮೂಗಿನ ಎರಡೂ ಬದಿಗೆ ಕನ್ನಡಕ ಕೂತು ಕೂತು ಕೆಂಪು ಗುಳಿ ಬಿದ್ದಿದ್ದವು. ಏನನ್ನಾದರೂ ಮೂಸಿ ನೋಡುವ ಮೊದಲು ಕನ್ನಡಕ ತೆಗೆದು, ಮಡಚಿ, ಸೆರಗಿನ ಅಂಚಿಗೆ ಸಿಕ್ಕಿಸಿಕೊಳ್ಳುವರು. ಆಮೇಲೆ ಕಣ್ಣು ಮುಚ್ಚುವರು. “ಕಣ್ಣು ಭಾಳ ಅವಸರ ಮಾಡ್ತದಪಾ. ಮೂಗಿಗಿ ಮಾತಾಡ್ಲಿಕ್ಕೇ ಬಿಡೂದಿಲ್ಲ” ಎನ್ನುತ್ತಿದ್ದರು.

ನಾನು ಅವರನ್ನು ಅಕ್ಕಾರು ಎಂದೇ ಕರೆದೆ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೆ ಅನ್ನುತ್ತೇವೆ. ಅವರು ಶಾಲೆ ಕಲಿಸಿದವರಲ್ಲ. ಕಲಬುರಗಿ ಕಡೆಯ ಮನೆತನ. ಸನತ್‌ನಗರದ ಒಂದು ಶರಬತ್ತಿನ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾಗಿ, ತಮ್ಮನ ಮನೆಯಲ್ಲಿದ್ದರು. ನಾನು ಆರನೆಯ ಇಯತ್ತೆಗೇ ಶಾಲೆ ಬಿಟ್ಟವನು. ಯಾದಗಿರಿ ಕಡೆಯಿಂದ ಈ ತೆಲುಗು ಸೀಮೆಯ ಶಹರಕ್ಕೆ ಬಂದು, ಅದೇ ಸನತ್‌ನಗರದ ಮದ್ಯದಂಗಡಿಯಲ್ಲಿ ಪೆಟ್ಟಿಗೆ ಇಳಿಸುವುದರಿಂದ ಶುರು ಮಾಡಿ, ಎಂಟು ವರ್ಷ ದುಡಿದು ಕೌಂಟರಿಗೆ ಬಂದಿದ್ದೆ. ಯಾರ ಕೈಕಾಲೂ ಹಿಡಿದು ಬಂದವನಲ್ಲ. ಅದರ ಸೊಕ್ಕು ನನಗಿತ್ತು, ಈಗಲೂ ಇದೆ.

ಅಕ್ಕಾರು ತಿಂಗಳಿಗೊಮ್ಮೆ ಬಂದು ಒಂದು ಕೆಂಪು ವೈನ್ ಬಾಟಲಿ ಒಯ್ಯುವರು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಚೀಲದಲ್ಲಿ ಮೆಂತ್ಯ ಸೊಪ್ಪಿನ ಕೆಳಗೆ ಮಲಗಿಸುವರು. ಜನರಿಂದ ಮುಚ್ಚಿಡಲಿಕ್ಕಲ್ಲ, ಬಿಸಿಲಿನಿಂದ. ಇಬ್ಬರೂ ಕನ್ನಡದವರೆಂದು ಗೊತ್ತಿರದೆ, ಆಗಿನ್ನೂ ನಮ್ಮ ಮಾತೆಲ್ಲ ಹಿಂದಿಯಲ್ಲೇ.

ಆ ವರ್ಷ ಮಾಲಕರು ಕೊಂಡಾಪುರದಲ್ಲಿ ಹೊಸ ಅಂಗಡಿ ತೆರೆಯುವವರಿದ್ದರು. ಅಲ್ಲಿ ಒಂದು ಗೋಡೆ ತುಂಬ ಬರೀ ವೈನ್. ಆ ಗೋಡೆ ನನಗೇ ಬೇಕೆಂದು ಹಟ ಹಿಡಿದಿದ್ದೆ. ಆದರೆ ವೈನ್ ಎಂದರೆ ಕೆಂಪು, ಬಿಳಿ, ಅಷ್ಟೇ ನನಗೆ ಗೊತ್ತಿದ್ದದ್ದು. ಗಿರಾಕಿ ಏನಾದರೂ ಕೇಳಿದರೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಒಬ್ಬರು ತಂಗಿಯ ನಿಶ್ಚಿತಾರ್ಥದ ಊಟಕ್ಕೆ ಬಿಳಿ ವೈನ್ ಕೇಳಿಕೊಂಡು ಬಂದರು. ನಾನು ಗೋಡೌನಿನ ಮೂಲೆಯಿಂದ ಧೂಳು ಹಿಡಿದ ಆರು ಬಾಟಲಿ ಹುಡುಕಿ ತಂದೆ. ಅಕ್ಕಿ ಹಳೆಯದಾದಷ್ಟೂ ಒಳ್ಳೆಯದು, ಹುಣಸೆ ಹಳೆಯದಾದಷ್ಟೂ ಒಳ್ಳೆಯದು, ವೈನ್ ಬೇರೆಯೇ? “ಪುರಾನಾ ಹೈ ಸಾಬ್, ಅಸ್ಲೀ ಮಾಲ್” ಎಂದು ಕೊಟ್ಟೆ. ಮರುದಿನ ಅವರು ಐದು ಬಾಟಲಿ ತಂದು ಕೌಂಟರಿನ ಮೇಲಿಟ್ಟರು. ಬೀಗರ ಮುಂದೆ ಹುಳಿನೀರು ಕುಡಿಸಿ ಮರ್ಯಾದೆ ಹೋಯಿತೆಂದರು. ಮಾಲಕರು ಎಲ್ಲರೆದುರೇ ತೆಲುಗಿನಲ್ಲಿ, “ಇಂಕೋಸಾರಿ ಇಲಾ ಐತೇ ನುವ್ವು ಗೋಡೌನ್‌ಕೇ” ಎಂದರು. ಇನ್ನೊಂದು ಸಲ ಹೀಗಾದರೆ ಮತ್ತೆ ಪೆಟ್ಟಿಗೆ ಹೊರುವುದೇ. ಕೊಂಡಾಪುರಕ್ಕೆ ಇಂಗ್ಲಿಷ್ ಕಲಿತವರನ್ನು ತರುತ್ತೇನೆ ಎಂದೂ ಸೇರಿಸಿದರು.

ನಾನು ಬಾಟಲಿ ಎತ್ತಿಡುತ್ತ ಕನ್ನಡದಲ್ಲಿ ಗೊಣಗಿದೆ. ಪಕ್ಕದಲ್ಲಿ ಅಕ್ಕಾರು ನಿಂತಿದ್ದರು.

“ಯಾವೂರಪಾ ನಿಂದು?”

“ಯಾದಗಿರಿ ಕಡೆ ರಿ.”

“ಹಳೇದು ಛಲೋ ಅಂತ ಕೊಟ್ಟಿ, ಹೌದಿಲ್ಲೋ?”

“ಹುಣಸಿಹಣ್ಣು ಹಳೇದ ಛಲೋ ಅಲ್ಲೇನ್ರಿ?”

“ಹುಣಸಿಗಿ ಖರೆ. ಮಜ್ಜಿಗಿಗಿ?”

ನಾನು ಕೈಯಲ್ಲಿದ್ದ ಬಾಟಲಿಯನ್ನು ಮತ್ತೆ ಕೌಂಟರಿನ ಮೇಲಿಟ್ಟೆ. “ಈ ಬಿಳೇದು ಮಜ್ಜಿಗಿ ಜಾತಿದು. ತಾಜಾ ಇದ್ದಾಗ ಕುಡಿಬೇಕು. ಆದಿತ್ಯವಾರ ಮನಿಗಿ ಬಾ” ಎಂದರು.

ಹೋದೆ. ಪಡಸಾಲೆಯಲ್ಲಿ ನಾಲ್ಕು ಚಹಾದ ಲೋಟ ಇಟ್ಟಿದ್ದರು: ಹುಣಸೆನೀರು, ಸಕ್ಕರೆನೀರು, ಉಪ್ಪುನೀರು, ಹಾಲಿಲ್ಲದ ಕರಿ ಚಹಾ. ಎಲ್ಲವನ್ನೂ ಒಂದೊಂದು ಗುಟುಕು ಕುಡಿದು ನನಗೆ ರೇಗಿತು.

“ವೈನ್ ಕಲಸ್ತೀನಂತ ಕರದು ಇದೇನ್ರಿ ಕುಡಸಾಕತ್ತೀರಿ?”

“ಅಕ್ಷರ ಬರಲಾರದವ್ಗ ಪುಸ್ತಕ ಕೊಟ್ರ ಏನ್ ಮಾಡ್ಯಾನು?”

ಶಾಲೆ ಬಿಟ್ಟವನಿಗೆ ಆ ಮಾತು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಎದ್ದು ಚಪ್ಪಲಿ ಮೆಟ್ಟಿದೆ. ಅವರು ತಡೆಯಲಿಲ್ಲ. “ಆ ಕರೀ ಚಹಾ ನಾಲಗಿಗಿ ಏನ್ ಮಾಡ್ತು, ಅದೊಂದು ಹೇಳಿ ಹೋಗು” ಎಂದರು.

“ಒಗರು ರಿ. ನೇರಳಿಹಣ್ಣು ತಿಂದಂಗ ನಾಲಗಿ ಹಿಡದೈತಿ.”

“ಕೆಂಪು ವೈನಿನ ಅರ್ಧ ವಿದ್ಯಾ ಅಷ್ಟ ಅದ. ನಿನಗ ಬರ್ತದ. ಕೂಡು.”

ಚಪ್ಪಲಿ ಬಿಟ್ಟು ಕೂತೆ.

ಮೂರನೆಯ ವಾರ ವೈನ್ ತೆರೆದರು. ಬಾಯಲ್ಲಿ ಆಡಿಸಿ, ಅಮಲೇರದಂತೆ ಬಕೆಟ್ಟಿಗೆ ಉಗುಳಬೇಕು. ನನ್ನ ಹೆಂಡತಿಗೆ ಹೇಳಿದರೆ, “ಉಗುಳಾಕ ಅಷ್ಟು ದೂರ ಹೋಗ್ಬೇಕೇನು?” ಎಂದು ನಕ್ಕಳು. ಕೊನೆಗೊಂದು ಗುಟುಕು ಮಾತ್ರ ನುಂಗಲು ಬಿಡುವರು, ಮಸಾಲೆ ಶೇಂಗಾ ಜೊತೆ, ನಿಧಾನಕ್ಕೆ. ಅಲ್ಲಿಯವರೆಗೆ ನಾನು ಕುಡಿದದ್ದೆಲ್ಲ ಮೈನೋವು ಮರೆಯಲಿಕ್ಕೆ. ರುಚಿಗೆಂದು ಕುಡಿದದ್ದು ಆ ಪಡಸಾಲೆಯಲ್ಲೇ ಮೊದಲು.

“ಗಿರಾಕಿ ಮುಂದ ದೊಡ್ಡ ದೊಡ್ಡ ಹೆಸರು ಹೇಳಬ್ಯಾಡ. ಊಟಕ್ಕ ಏನು ಅಂತ ಕೇಳು. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಅದನ್ನ ಮೊದಲ ಬಾಯಿಪಾಠ ಮಾಡು” ಎಂದು ಪ್ರತಿ ವಾರ ಹೇಳುವರು.

ಎರಡು ತಿಂಗಳಿಗೆ ಆ ಬಾಟಲಿ ಮರಳಿಸಿದವರು ಮತ್ತೆ ಬಂದರು, ವೈನಿಗಲ್ಲ, ಬಿಯರಿಗೆ. ಮಾಲಕರು ಗಲ್ಲಾದಲ್ಲಿ ಕೂತಿದ್ದರು. ಸುಮ್ಮನಿದ್ದರೆ ನಡೆಯುತ್ತಿತ್ತು. ನಾನು ಎದುರು ಹೋಗಿ, “ಸಾಬ್, ವೋ ಗಲ್ತಿ ಮೇರೀ ಥೀ. ಮುಝೇ ಮಾಲೂಮ್ ನಹೀ ಥಾ” ಎಂದು ತಪ್ಪು ಒಪ್ಪಿಕೊಂಡೆ. ಎಂಟು ವರ್ಷದಲ್ಲಿ ಗೊತ್ತಿರಲಿಲ್ಲ ಎಂದದ್ದು ಅದೇ ಮೊದಲು. ಮನೆಯಲ್ಲಿ ಏನು ಅಡುಗೆ ಎಂದು ಕೇಳಿದೆ. ಹುರಿದ ಮೀನು ಎಂದರು. ಹೊಸದಾಗಿ ಬಂದ ಬಿಳಿ ವೈನ್ ತೋರಿಸಿ, ಚೆನ್ನಾಗಿ ತಣ್ಣಗೆ ಮಾಡಿ ಕುಡಿಯಿರಿ ಎಂದೆ. ಮುಂದಿನ ವಾರ ಬಂದು ಮಾಲಕರನ್ನೇ ಕೇಳಿದರಂತೆ, ಆ ದಿನ ವೈನ್ ಕೊಟ್ಟವನು ಎಲ್ಲಿ ಎಂದು. ಕೊಂಡಾಪುರದ ಗೋಡೆ ನನ್ನದಾಯಿತು.

ಕೆಲವು ವರ್ಷದ ಮೇಲೆ ಅಕ್ಕಾರಿಗೆ ದೊಡ್ಡ ಜ್ವರ ಬಂದು, ಹೋಗುವಾಗ ಮೂಸುವ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ನೋಡಲು ಹೋದಾಗ ಒಂದು ಕೆಂಪು ಬಾಟಲಿ ಒಯ್ದಿದ್ದೆ. ತೆರೆದು ಲೋಟಕ್ಕೆ ಹಾಕಿದೆ. “ನನಗಂತೂ ಏನೂ ಬರೂದಿಲ್ಲ. ನೀ ಮೂಸಿ ಹೇಳು” ಎಂದರು. ಅಷ್ಟರಲ್ಲಿ ನನಗೂ ಕನ್ನಡಕ ಬಂದಿತ್ತು. ತೆಗೆದು ಅಂಗಿಯ ಕಿಸೆಗೆ ಸಿಕ್ಕಿಸಿದೆ.

“ಗುಲಾಬಿ ಐತ್ರಿ. ವೆನಿಲಾ ಐತಿ.”

“ನಿನ್ನ ಮೂಗು ಹೇಳ್ತೋ, ಬಾಟಲಿ ಮ್ಯಾಲಿನ ಕಾಗದ ಹೇಳ್ತೋ?”

“ಕಾಗದ ರಿ.”

“ಮತ್ತ ಮೂಸು.”

ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದೆ. “ನಮ್ಮವ್ವ ಹುಣಸಿಹಣ್ಣು ತುಂಬಿಡತಿದ್ದ ಗಡಿಗಿ ರಿ. ಖಾಲಿ ಆದಮ್ಯಾಲ ಅದರಾಗ ಮುಖ ಹಾಕಿದ್ರ ಬರ್ತಿತ್ತಲ್ರಿ, ಅದು.”

ಅವರು ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡು ಕೂತರು. ಆಮೇಲೆ ನುಂಗಿ, “ಹಾಂ, ಬಂತು” ಎಂದರು.

ಆರು ತಿಂಗಳಿಗೆ ತೀರಿಕೊಂಡರು. ಮಣ್ಣು ಮುಗಿಸಿ ಹೊರಟಾಗ ಅವರ ತಮ್ಮ ನನ್ನನ್ನು ನಿಲ್ಲಿಸಿ, ಅಕ್ಕ ನಿಮಗೆ ಕೊಡಲು ಹೇಳಿದ್ದಳು ಎಂದು ಆ ಇಳಕಲ್ ಸೀರೆಯ ತುಂಡು ಕೈಗಿಟ್ಟರು. ಮನೆಗೆ ಬಂದು, ಕನ್ನಡಕ ತೆಗೆದು ಮೂಸಿದೆ. ವೈನಿನ ವಾಸನೆ ಇರಲಿಲ್ಲ. ಮೆಂತ್ಯ ಸೊಪ್ಪಿನದು ಇತ್ತು.