ಹದಿನೆಂಟು ಸಾವಿರದ ಸೈಕಲ್ ಅಂಗಿ

ಬಟ್ಟೆ ಮಾರುವವನಿಗೆ ಯಾರೂ ಬಟ್ಟೆ ಮಾರಿ ಟೋಪಿ ಹಾಕಲಾರರು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ರಾಮದುರ್ಗದ ಪೇಟೆಯಲ್ಲಿ ನಮ್ಮದು ಅಜ್ಜನ ಕಾಲದ ಅರಿವೆ ಅಂಗಡಿ. "ಅಕ್ಕಾರ, ಈ ಬಣ್ಣ ನಿಮಗಂತನ ಹುಟ್ಟೇತಿ ನೋಡ್ರಿ" ಎಂದು, ಕೆಂಪು ತೋರಿಸಿದರೂ ಹಸಿರು ತೋರಿಸಿದರೂ ಒಂದೇ ಮುಖದಲ್ಲಿ ಹೇಳಿಕೊಂಡು ಬಂದವನು ನಾನು. ಅಂಥ ನನ್ನನ್ನು ಮೊಬೈಲಿನಲ್ಲಿ ಬಂದ ಒಂದು ಪುಟ್ಟ ವಿಡಿಯೋ ಕೆಡವಿಹಾಕಿತು. ಇದಕ್ಕೆ ಯಾರನ್ನು ಬೈಯಬೇಕೋ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮೊದಲ ಬೈಗುಳ ನನ್ನ ಗೆಳೆಯನಿಗೆ ಸಲ್ಲಬೇಕು. ಅವನು ಹಲ್ಲಿನ ಡಾಕ್ಟರು. ಹೊಟ್ಟೆ ಕರಗಿಸಲು ಸೈಕಲ್ ಕೊಂಡ, ಸುಮ್ಮನೆ ತಾನೊಬ್ಬನೇ ತುಳಿಯಬೇಕೋ ಬೇಡವೋ? ನನ್ನನ್ನೂ ಎಳೆದ. ದಿನಾ ಬೆಳಿಗ್ಗೆ ಸುರೇಬಾನದವರೆಗೆ ಹೋಗಿ, ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿದು, ಮಿರ್ಚಿ ಭಜಿಯ ಕಡೆ ನೋಡದೆ ವಾಪಸ್ ಬರುವುದು ನಮ್ಮ ವ್ರತ. ವ್ರತ ಎಂದ ಮೇಲೆ ಭಂಗವೂ ಇದ್ದದ್ದೇ. ಒಂದು ಭಾನುವಾರ ಸವದತ್ತಿಯ ಗುಡ್ಡ ಹತ್ತಲು ಹೋದೆವು. ಅರ್ಧದಲ್ಲಿ ಸೈಕಲ್ ಇಳಿದು ತಳ್ಳುತ್ತಿದ್ದಾಗ ಅವನು ಏದುಸಿರು ಬಿಡುತ್ತಾ ಹೇಳಿದ: "ದೋಸ್ತ, ನಮ್ಮ ಕಾಲಾಗ ದೋಷ ಇಲ್ಲ. ಅಂಗಿಯೊಳಗ ಐತಿ."

ಅಂದೇ ಆ ವಿಡಿಯೋ ಕಳಿಸಿದ. ಸೈಕಲ್ ಅಂಗಿ ಮಾರುವ ಪರದೇಶದ ಕಂಪನಿಯೊಂದರ ಜಾಹೀರಾತು. ಯಾವುದೋ ದೇಶದ ಬೋಳು ಗುಡ್ಡ, ಮಂಜು, ಒಬ್ಬನೇ ಒಬ್ಬ ಸಣಕಲು ಮನುಷ್ಯ ಸೈಕಲ್ ತುಳಿಯುತ್ತಿದ್ದಾನೆ. ಮಾತಿಲ್ಲ. ಹಿಂದೆ ಪಿಟೀಲು ಅಳುತ್ತಿದೆ. ಮೂಗಿನ ತುದಿಯಿಂದ ಒಂದು ಬೆವರ ಹನಿ ಬೀಳುವುದನ್ನೇ ಅಷ್ಟು ಹೊತ್ತು ತೋರಿಸುತ್ತಾರೆ. ಕೊನೆಗೆ ಒಂದು ಸಾಲು: ದಾರಿ ಪ್ರಶ್ನೆ ಕೇಳುತ್ತದೆ, ನೀನು ಉತ್ತರಿಸು. ಸುರೇಬಾನದ ದಾರಿ ನಮ್ಮನ್ನು ಕೇಳುವ ಪ್ರಶ್ನೆ ಒಂದೇ, ಅದು "ಕಬ್ಬಿನ ಟ್ರ್ಯಾಕ್ಟರ್ ಬರಾಕ ಹತ್ತೇತಿ, ಬ್ರೇಕ್ ಹಿಡಿತಾವೇನು?" ಎಂಬುದು. ನನಗೆ ಎಲ್ಲವೂ ತಿಳಿಯುತ್ತಿತ್ತು. ಇವರು ಅಂಗಿ ತೋರಿಸದೆ ಮಂಜು ತೋರಿಸುತ್ತಿದ್ದಾರೆ, ನಾವು ಮದುವೆ ಜವಳಿಗೆ ಬಂದವರಿಗೆ ಚಹಾ ಕೊಟ್ಟು, ದೊಡ್ಡ ಕನ್ನಡಿ ಮುಂದೆ ನಿಲ್ಲಿಸಿ, ದೀಪ ಹಚ್ಚುವುದೂ ಇದೇ ವಿದ್ಯೆ ಎಂದು ಮನಸ್ಸಿನಲ್ಲೇ ನಗುತ್ತಿದ್ದೆ. ನಗುತ್ತಾ ನಗುತ್ತಾ ಬೆರಳು ಹೋಗಿ ಗುಂಡಿ ಒತ್ತಿಬಿಟ್ಟಿತು. ಮೆರಿನೊ ಎಂಬ ಜಾತಿಯ ಕುರಿಯ ಉಣ್ಣೆಯ ಅಂಗಿ, ಹದಿನೆಂಟು ಸಾವಿರ ರೂಪಾಯಿ.

ಬರೀ ಪಿಟೀಲಿಗೆ ಮರುಳಾದೆ ಎಂದರೆ ಸುಳ್ಳಾಗುತ್ತದೆ. ಒಳಗೆ ಇನ್ನೊಂದು ಆಸೆ ಇತ್ತು. ಅದಕ್ಕೆ ನನ್ನ ಅಪ್ಪನ ವಿಷಯ ಹೇಳಬೇಕು.

ಅಪ್ಪನಿಗೆ ಎಂಬತ್ತು ದಾಟಿದೆ. ಅಂಗಡಿಯ ಗಾದಿಯ ಮೇಲೆ ಕೂತು, ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಉಜ್ಜಿದನೆಂದರೆ ಅದರ ಜಾತಕ ಹೇಳುತ್ತಿದ್ದ. ಒಳ್ಳೆಯದಾದರೆ "ಚಲೋ ಮಾಲು" ಎನ್ನುತ್ತಿದ್ದ. ಸಾಧಾರಣವಾದರೆ "ನಡೀತೈತಿ". ಕೆಟ್ಟದ್ದಾದರೆ ಏನೂ ಹೇಳದೆ ಅಡಿಕೆ ಕತ್ತರಿಸಲು ಶುರುಮಾಡುತ್ತಿದ್ದ. ಮೂವತ್ತು ವರ್ಷಗಳಿಂದ ಅಂಗಡಿಗೆ ಮಾಲು ತರುತ್ತಿರುವವನು ನಾನು. ಇಳಕಲ್ಲಿನಿಂದ ತಂದೆ, ಸೂರತ್ತಿನಿಂದ ತಂದೆ, ನನ್ನ ಪಾಲಿಗೆ ಬಂದದ್ದು ಬರೀ "ನಡೀತೈತಿ". ಒಂದೇ ಒಂದು ಸಲ ನನ್ನ ಆಯ್ಕೆಗೆ ಅವನ ಬಾಯಿಂದ "ಚಲೋ ಮಾಲು" ಬೀಳಲಿ ಎಂಬ ಹಟ ನನಗೆ. ತಲೆ ನೆರೆತರೂ ಹೋಗದ ಹಟ.

ಆದರೆ ಈ ಮಳೆಗಾಲದಲ್ಲಿ ಸಕ್ಕರೆ ಕಾಯಿಲೆ ಅಪ್ಪನ ಬೆರಳ ತುದಿಗಳನ್ನು ಜೋಮು ಹಿಡಿಸಿಬಿಟ್ಟಿತು. ಒಂದು ದಿನ ಗಿರಾಕಿಗಳ ಮುಂದೆಯೇ ಅಸಲಿ ರೇಷ್ಮೆಯನ್ನು ಮಿಕ್ಸ್ ಎಂದ. ಯಾರೂ ನಗಲಿಲ್ಲ. ಅಪ್ಪ ಮಾತ್ರ ತನ್ನ ಕೈಗಳನ್ನು ಯಾರದೋ ಕೈಗಳಂತೆ ನೋಡಿಕೊಂಡು ಮಡಿಲಿಗೆ ಎಳೆದುಕೊಂಡ. ಅಂದಿನಿಂದ ಒಂದು ಬಟ್ಟೆಯನ್ನೂ ಮುಟ್ಟಲಿಲ್ಲ. ದೀಪಾವಳಿ ಲಕ್ಷ್ಮೀ ಪೂಜೆಯ ಮರುದಿನ ಹೇಳಿಯೇಬಿಟ್ಟ: "ಸಂಕ್ರಮಣ ಆತಂದ್ರ ನಾ ಅಂಗಡಿಗೆ ಬರಂಗಿಲ್ಲೋ ತಮ್ಮಾ. ಕೈ ಸತ್ತಾಂವ ಗಾದಿ ಯಾಕ ಸವಸಬೇಕು?" ಅಪ್ಪ ಇಲ್ಲದ ಗಾದಿಯ ಎದುರು ನಾನು ಯಾರ ಮೇಲೆ ಸಿಟ್ಟು ಮಾಡಿಕೊಂಡು ವ್ಯಾಪಾರ ಮಾಡಲಿ? ಈ ಪರದೇಶದ ಉಣ್ಣೆ ಅವನ ಬೆರಳನ್ನು ಎಬ್ಬಿಸೀತು, ಒಮ್ಮೆಯಾದರೂ ಆ ಎರಡು ಮಾತು ಬಂದಾವು, ಗಾದಿ ಬಿಡುವ ಮಾತು ಮರೆತಾನು ಎಂದೆಲ್ಲ ಹುಚ್ಚು ಲೆಕ್ಕ ಹಾಕಿದೆ.

ಪಾರ್ಸೆಲ್ ಬಂತು. ಕಪ್ಪು ಡಬ್ಬಿ, ಒಳಗೆ ಬೂದು ಬಣ್ಣದ ತೆಳುಕಾಗದ, ಅದರೊಳಗೆ ಒಂದು ಚಿತ್ರದ ಕಾರ್ಡು. ಕಾರ್ಡಿನಲ್ಲೂ ಮಂಜು. ನಮ್ಮ ಅಂಗಡಿಯ ಧಾರೆ ಸೀರೆಗೂ ನಾವು ಇಷ್ಟು ಚಂದದ ಡಬ್ಬಿ ಕೊಟ್ಟಿದ್ದಿಲ್ಲ.

"ಒಳಗ ಬಂಗಾರ ಐತೇನ್ರಿ?" ಎಂದಳು ಹೆಂಡತಿ. ಅಂಗಿಯ ಜೊತೆಗೆ ಗೆಳೆಯನ ಒತ್ತಾಯಕ್ಕೆ ಬೇರೆ ಕಡೆಯಿಂದ ತರಿಸಿದ್ದ ಬಿಗಿ ಚಡ್ಡಿಯೂ ಇತ್ತು. ಅದನ್ನೆತ್ತಿ ಹಿಂಭಾಗದ ಮೆತ್ತೆಯನ್ನು ಒತ್ತಿ ನೋಡಿ, "ಅಯ್ಯ ನನ ಶಿವನ, ತೆಲಿದಿಂಬು ಇಲ್ಯಾಕ ಹೊಲದಾರ್ರಿ?" ಎಂದು ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಬೆಲೆ ಕೇಳಿದಳು.

"ಆಫರ್‌ನ್ಯಾಗ ಬಂತು" ಎಂದೆ. ಬಟ್ಟೆ ವ್ಯಾಪಾರಿಯ ಹೆಂಡತಿಗೆ ಈ ಮಾತಿನ ಅರ್ಥ ಚೆನ್ನಾಗಿ ಗೊತ್ತು.

ಮರುದಿನ ಮುಂಜಾನೆ ಹೊಸ ವೇಷದಲ್ಲಿ ಪೇಟೆ ದಾಟಬೇಕಾಯಿತು. ಪಾನ್ ಅಂಗಡಿಯವನು ಬಾಗಿಲು ತೆಗೆಯುತ್ತಿದ್ದವನು ಕೈ ನಿಲ್ಲಿಸಿ, ಬಹಳ ಕಾಳಜಿಯಿಂದ ಕೇಳಿದ: "ಸಾವಕಾರ್ರ, ಮ್ಯಾಲೆ ಹಾಕ್ಕೊಳ್ಳೂದು ಮರತು ಬಂದೀರೇನು?" ಸುರೇಬಾನದಲ್ಲಿ ಚಹಾ ಕುಡಿಯುತ್ತಿದ್ದಾಗ ಒಬ್ಬ ಮುದುಕ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅಂಗಿಯ ಬೆನ್ನಿನ ಕೆಳಗಿದ್ದ ಮೂರು ಕಿಸೆಗಳನ್ನು ನೋಡಿ, "ಕಿಸೆ ಹಿಂದ್ಯಾಕ್ರಿ? ಕಳ್ಳರಿಗೆ ತ್ರಾಸ ಆಗಬಾರದಂತೇನು?" ಎಂದ. ಆ ಕಿಸೆಗಳಲ್ಲಿ ಸಣಕಲು ಮನುಷ್ಯ ಏನಿಟ್ಟುಕೊಳ್ಳುತ್ತಾನೋ ಗೊತ್ತಿಲ್ಲ. ನನ್ನ ಹೆಂಡತಿ ಒಂದರಲ್ಲಿ ಖಡಕ್ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಚಟ್ನಿ ತುರುಕಿದ್ದಳು. ಬಗ್ಗಿ ತುಳಿದಾಗಲೆಲ್ಲ ರೊಟ್ಟಿ ಲಟಲಟ ಎನ್ನುತ್ತಿತ್ತು.

ಆದರೆ ನ್ಯಾಯ ನ್ಯಾಯವೇ. ಮಲಪ್ರಭೆಯ ಸೇತುವೆಯ ಮೇಲೆ ಆ ಹೊತ್ತಿನ ಗಾಳಿ ಎದೆಗೆ ಚಾಕು ಹಾಕುತ್ತದೆ. ಅಂದು ಚಳಿ ಹತ್ತಲಿಲ್ಲ. ಬೆವರು ಬಂದದ್ದೂ ಆರಿಹೋಯಿತು, ಮೈಗೆ ಅಂಟಲಿಲ್ಲ. ಹಾಗೆಂದು ಗೆಳೆಯನಿಗೆ ಹೇಳಿದೆ. "ಹದಿನೆಂಟು ಸಾವಿರ ಕೊಟ್ಟಾಂವಗ ಚಳಿ ಹತ್ತಾಕ ಧೈರ್ಯ ಎಲ್ಲಿಂದ ಬರಬೇಕು?" ಎಂದುಬಿಟ್ಟ! ವಿಡಿಯೋ ಕಳಿಸಿದವನು ತಾನೇ, ತಾನು ಮಾತ್ರ ಐನೂರರ ಟೀ ಶರ್ಟಿನಲ್ಲಿದ್ದಾನೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಪ್ರಶ್ನೆ ಖರೆ ಇತ್ತು. ಬೆಚ್ಚಗಾಗಿದ್ದು ಉಣ್ಣೆಯಿಂದಲೋ, ಬೆಲೆಯಿಂದಲೋ? ಇದನ್ನು ತೀರ್ಮಾನಿಸಬಲ್ಲ ಮನುಷ್ಯ ಈ ತಾಲೂಕಿನಲ್ಲಿ ಒಬ್ಬನೇ ಇದ್ದ.

ಮನೆಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಾ ಕೂತಿದ್ದ. ಅಂಗಿ ಬದಲಿಸಿ, ಆ ಮೆರಿನೊವನ್ನು ಅವನ ಮುಂದೆ ಹಿಡಿದೆ.

"ಅಪ್ಪಾರ, ಇದನ್ನ ಒಂಚೂರು ನೋಡ್ರಲ್ಲ."

ಅಪ್ಪ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡ. ಯಾಕಾದರೂ ಕೇಳಿದೆನೋ ಅನಿಸಿತು. ಆಮೇಲೆ ಅವನೇ, "ಕಡ್ಡಿಪೆಟ್ಟಿಗಿ ತಾ" ಎಂದ.

ನಮ್ಮ ಧಂದೆಯಲ್ಲಿ ಬೆರಳಿಗೆ ತಿಳಿಯದ್ದನ್ನು ಬೆಂಕಿಗೆ ಕೇಳುತ್ತಾರೆ. ಒಂದು ಎಳೆ ಕಿತ್ತು ಸುಟ್ಟರೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಉಣ್ಣೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪ್ಲಾಸ್ಟಿಕ್ಕಿನ ದಾರವಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಪ್ಪ ಅಂಗಿಯ ಕೆಳ ಅಂಚಿನಲ್ಲಿ ತಡಕಾಡಿದ. ಕೊನೆಗೊಂದು ಎಳೆ ಉಗುರಿಗೆ ಸಿಕ್ಕಿತು. ಕಿತ್ತು ಕಡ್ಡಿ ಗೀರಿದ. ಎಳೆ ಮುದುಡಿ ಕರೀ ಮಣಿಯಾಯಿತು.

"ಪ್ಲಾಸ್ಟಿಕ್ ಐತಿ" ಎಂದ ಅಪ್ಪ.

ಅದು ಹೊಲಿಗೆಯ ದಾರ! ಅಂಚು ಹೊಲಿದ ದಾರವನ್ನು ಕಿತ್ತು ಸುಟ್ಟು ಅಂಗಿಯನ್ನೇ ಪ್ಲಾಸ್ಟಿಕ್ ಎಂದರೆ? ಬಾಯಿಯವರೆಗೆ ಬಂತು. ನನ್ನ ಸಿಟ್ಟು ಪೇಟೆಗೆಲ್ಲ ಗೊತ್ತಿರುವಂಥದ್ದು. ಅಷ್ಟರಲ್ಲಿ ಅಪ್ಪನ ಬೆರಳು ಕಂಡವು. ಕಡ್ಡಿಯ ಉರಿ ತುದಿ ಮುಟ್ಟುವಷ್ಟು ಹತ್ತಿರ ಬಂದಿದ್ದರೂ ಅವು ಅಲ್ಲಾಡಿರಲಿಲ್ಲ. ಊದಿ ಆರಿಸಿದೆ. ಹೊಲಿಗೆ ದಾರಕ್ಕೂ ನೇಯ್ದ ಎಳೆಗೂ ಕತ್ತಲಲ್ಲಿ ಫರಕು ಹೇಳುತ್ತಿದ್ದ ಮನುಷ್ಯ ಇವನು.

"ಹೌದ್ರಿ ಅಪ್ಪಾರ, ಮೋಸ ಹೋದೆ" ಎಂದೆ.

ಒಳಗೆ ಹೋಗಿ ಅಂಗಿಯನ್ನು ಗೂಟಕ್ಕೆ ಎಸೆದು, "ಯಾರಿಗರ ಕೊಟ್ಟುಬಿಡು ಇದನ್ನ" ಎಂದು ಹೆಂಡತಿಯ ಮೇಲೆ ಹರಿಹಾಯ್ದೆ.

ಮರುದಿನ ಹಳೆಯ ಟೀ ಶರ್ಟಿನಲ್ಲಿ ಸುರೇಬಾನಕ್ಕೆ ಹೋಗಿ, ಸೇತುವೆಯ ಮೇಲೆ ಹಲ್ಲು ಕಟಕಟಿಸಿ, ನಿನ್ನೆ ಬೆಚ್ಚಗಾಗಿದ್ದು ಉಣ್ಣೆಯಿಂದಲೇ ಎಂದು ಖಾತ್ರಿ ಮಾಡಿಕೊಂಡು ಬಂದೆ. ಸ್ನಾನ ಮಾಡಿ ಅಂಗಡಿಗೆ ಹೋದರೆ, ಗಾದಿಯ ಮೇಲೆ ಅಪ್ಪ ಕೂತಿದ್ದ. ಕೆಳಗೆ ಬಿಳಿ ಧೋತರ, ತಲೆಗೆ ಬಿಳಿ ಟೋಪಿ, ನಡುವೆ ಹದಿನೆಂಟು ಸಾವಿರದ ಸೈಕಲ್ ಅಂಗಿ. ಜಿಪ್ಪು ಗದ್ದದವರೆಗೆ ಏರಿತ್ತು. ಹಿಂದಿನ ಕಿಸೆಗಳಲ್ಲಿ ಕನ್ನಡಕದ ಡಬ್ಬಿ, ಎಲೆ ಅಡಿಕೆಯ ಚೀಲ, ಮಡಚಿದ ಟವೆಲು. ಆ ಕಂಪನಿಯವರು ನೋಡಿದ್ದರೆ ಮಂಜು ಗಿಂಜು ಬಿಟ್ಟು ಇವನದೇ ವಿಡಿಯೋ ಮಾಡುತ್ತಿದ್ದರು.

"ಬಾ ಇಲ್ಲೆ" ಎಂದ. ಅಂಗಿಯ ಒಳಮಗ್ಗುಲಿನಿಂದ ಚಿಮಟದಲ್ಲಿ ಒಂದಿಷ್ಟು ನವಿರು ಎಳೆದು ಕಾಗದದ ಮೇಲೆ ಇಟ್ಟುಕೊಂಡಿದ್ದ. "ಸುಡು. ಮೂಸು."

ಸುಟ್ಟೆ. ಕೂದಲು ಸುಟ್ಟ ವಾಸನೆ.

"ನಿನ್ನೆ ನಾ ಸುಟ್ಟದ್ದು ಹೊಲಿಗಿ ದಾರ. ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ಯಾಕ ಬಾಯಿ ಮುಚಗೊಂಡಿ?"

ನಾನು ಸುಟ್ಟ ಕಡ್ಡಿಯನ್ನು ಕಡ್ಡಿಪೆಟ್ಟಿಗೆಯೊಳಗೇ ತುರುಕತೊಡಗಿದೆ.

"ಸುಳ್ಳು ಏನಿದ್ರೂ ಗಿರಾಕಿಗೆ ಹೇಳು ಮಗನ, ನನಗ ಹೇಳಬ್ಯಾಡ" ಎಂದು ಕಾಲರನ್ನು ಮುಖಕ್ಕೆ ಎಳೆದುಕೊಂಡ. "ಮುಂಜಾನೆ ಚಳಿಗೆ ಹಾಕ್ಕೊಂಡೆ. ಇದು ಗಲ್ಲಕ್ಕ ಹತ್ತಿತು. ಪ್ಲಾಸ್ಟಿಕ್ ಹಿಂಗ ಹತ್ತಂಗಿಲ್ಲ."

ಅಷ್ಟರಲ್ಲಿ ಸುರೇಬಾನದ ಕಡೆಯ ಒಬ್ಬ ಹೆಂಗಸು ಮಗಳ ಮದುವೆ ಜವಳಿಗೆಂದು ಬಂದಳು, ನಮ್ಮ ಹಳೆಯ ಗಿರಾಕಿ. ಎರಡು ಸೀರೆ ಆರಿಸಿ, ನನ್ನನ್ನು ಬಿಟ್ಟು ನೇರ ಅಪ್ಪನ ಮುಂದೆ ಹರವಿದಳು. "ಯಜಮಾನ್ರ, ಇದರಾಗ ಅಸಲ ರೇಷ್ಮಿ ಯಾವುದು, ನೀವ ಹೇಳ್ರಿ." ನಾನೇ ಮಧ್ಯೆ ಬಾಯಿ ಹಾಕಬೇಕೆನ್ನುವಷ್ಟರಲ್ಲಿ ಅಪ್ಪ ಒಂದು ಸೀರೆಯ ಸೆರಗನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಆಮೇಲೆ ಇನ್ನೊಂದು.

"ಅಯ್ಯ, ಸೀರಿಗೆ ಮುದ್ದು ಕೊಡಾಕ ಹತ್ತೀರೇನ್ರಿ!" ಎಂದು ಅವಳು ನಕ್ಕಳು.

"ವಯಸ್ಸಾತವ್ವಾ, ಬೆರಳು ಸುಳ್ಳು ಹೇಳಾಕ ಹತ್ತ್ಯಾವ. ಗಲ್ಲ ಇನ್ನೂ ಖರೇ ಹೇಳತೈತಿ. ಹಸರದು ಅಸಲ. ಅದನ್ನ ತಗೋ" ಎಂದ ಅಪ್ಪ. ಹಸಿರೇ ಅಸಲಿ.

ಅವಳ ಕಣ್ಣು ಆಗ ಅಪ್ಪನ ಅಂಗಿಯ ಮೇಲೆ ಬಿತ್ತು. "ಇದ ಬೇಶ್ ಐತಲ್ರಿ. ನಮ್ಮ ಮಾವಾಗೂ ಒಂದು ಬೇಕಿತ್ತು. ಎಷ್ಟಕ್ಕ ಬಿತ್ತು?"

"ಎಷ್ಟಲೇ?" ಅಪ್ಪ ನನ್ನ ಕಡೆ ತಿರುಗಿದ. ಅದೇ ಹೊತ್ತಿಗೆ ಹೆಂಡತಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸುಳ್ಳು ಹೇಳಬೇಡ ಎಂದು ಈಗಷ್ಟೇ ಬೈಸಿಕೊಂಡಿದ್ದೆ.

"ಹದಿನೆಂಟು ಸಾವಿರ" ಎಂದೆ.

ಗಿರಾಕಿ ಹೆಂಗಸು ಎದೆಯ ಮೇಲೆ ಕೈ ಇಟ್ಟುಕೊಂಡಳು. ಬಾಗಿಲ ಕಡೆಯಿಂದ ತಣ್ಣಗೆ ಒಂದು ದನಿ ಬಂತು: "ಆಫರ್‌ನ್ಯಾಗ?"

ಅಪ್ಪ ಲೆಕ್ಕ ಹಾಕಿದ. "ಡಬ್ಬಿ ರೊಕ್ಕಾ, ಡಬ್ಬಿಯೊಳಗಿನ ಕಾರ್ಡಿನ್ಯಾಗ ಐತಲ್ಲ ಆ ಮಂಜಿನ ರೊಕ್ಕಾ, ಎಲ್ಲಾ ನಿನ್ನ ಕಡೆನ ತಗೊಂಡಾರ. ಐದು ಸಾವಿರಕ್ಕ ಕೊಟ್ಟಿದ್ರೂ ಅವರಿಗೆ ಹೊಟ್ಟಿ ತುಂಬತಿತ್ತು. ಹಡಬಿಟ್ಟಿ ವ್ಯಾಪಾರ ಮಾಡೀ" ಎಂದ. ನಾನು ತಲೆ ತಗ್ಗಿಸಿದೆ. ಅವನು ಕಾಲರಿಗೆ ಇನ್ನೊಮ್ಮೆ ಕೆನ್ನೆ ಉಜ್ಜಿದ. "ತುಟ್ಟಿ ಆತು. ಆದ್ರ ಚಲೋ ಮಾಲು ತಂದಿ."

ಮೂವತ್ತು ವರ್ಷ ಕಾದದ್ದು ಹೀಗೆ, ಬೈಗುಳದ ಬಾಲಕ್ಕೆ ಕಟ್ಟಿಕೊಂಡು ಬಂತು. ಮಡಚಿಟ್ಟಿದ್ದ ಸೀರೆಗಳನ್ನೇ ಮತ್ತೆ ಬಿಚ್ಚಿ ಮಡಚುತ್ತಾ ಗೋಡೆಯ ಕಡೆ ಮುಖ ಮಾಡಿ ನಿಂತೆ. ಕಣ್ಣು ಒರೆಸಿಕೊಳ್ಳಲು ಟವೆಲು ಅಪ್ಪನ ಹಿಂದಿನ ಕಿಸೆಯಲ್ಲಿತ್ತು.

ಅಂಗಿ ನನಗೆ ವಾಪಸ್ ಬಂದಿಲ್ಲ, ನಾನೂ ಕೇಳಿಲ್ಲ. ಐನೂರರ ಟೀ ಶರ್ಟು ಎರಡು ಹಾಕಿಕೊಂಡು ಸುರೇಬಾನಕ್ಕೆ ಹೋಗಿ ಬರುತ್ತೇನೆ. ಸಂಕ್ರಮಣ ಬಂದು ಹೋಯಿತು. ಕುಸರೆಳ್ಳು ಹಂಚಿದ ಮರುದಿನ ನಾನು ಅಂಗಡಿ ತೆಗೆಯಲು ಹೋದಾಗ ಅಪ್ಪ ಜಿಪ್ಪನ್ನು ಗದ್ದದವರೆಗೆ ಏರಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ.

"ಎಷ್ಟೊತ್ತಲೇ ಬರೂದು? ಕೀಲಿ ತಗಿ" ಎಂದ.