ಕರ್ಪೂರವಿಲ್ಲದ ಆರು ವಾರ

ನಮ್ಮ ಮನೆಗೂ ನಾನು ಕಲಿಸುತ್ತಿದ್ದ ಶಾಲೆಗೂ ನಡುವೆ ಇದ್ದದ್ದು ಒಂದೇ ರಸ್ತೆ. ಸಂಡೂರಿನಿಂದ ಹೊಸಪೇಟೆಗೆ ಹೋಗುವ ರಸ್ತೆ ಅದು. ಕಟ್ಟೆಯ ಮೇಲೆ ನಿಂತರೆ ನಾಲ್ಕನೇ ತರಗತಿಯ ಕಿಟಕಿ ಕಾಣುತ್ತಿತ್ತು. ಗಾಳಿ ಈ ಕಡೆ ಬೀಸಿದರೆ ಮಕ್ಕಳು ಮಗ್ಗಿ ಹೇಳುವುದೂ ಕೇಳುತ್ತಿತ್ತು. ಅಷ್ಟು ಹತ್ತಿರದ ಶಾಲೆಗೆ ಮೂರೂವರೆ ತಿಂಗಳು ನನಗೆ ಹೋಗಲಾಗಲಿಲ್ಲ. ಕಾಲು ಮುರಿದಿರಲಿಲ್ಲ, ಜ್ವರ ಬಂದಿರಲಿಲ್ಲ. ರಸ್ತೆ ದಾಟಲು ಹೆದರಿಕೆ, ಅಷ್ಟೇ. ಈಗ ಹೇಳುವಾಗ ನನಗೇ ನಗು ಬರುತ್ತದೆ. ಆಗ ಯಾರಾದರೂ ನಕ್ಕರೆ ಮೈಯೆಲ್ಲಾ ಉರಿಯುತ್ತಿತ್ತು.

ಅದಿರಿನ ದಂಧೆ ಏರಿದ ವರ್ಷಗಳವು. ತಾಡಪತ್ರಿ ಹೊದ್ದ ಲಾರಿಗಳು ಒಂದರ ಹಿಂದೆ ಒಂದು, ಬೆಳಗು ಬೈಗೆನ್ನದೆ ಹೋಗುತ್ತಿದ್ದವು. ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಬಣ್ಣಕ್ಕೆ ತಿರುಗುತ್ತಿತ್ತು. ಹೊಲವಿದ್ದವರು, ಅಂಗಡಿಯಿದ್ದವರು, ಏನೂ ಇಲ್ಲದವರು ಎಲ್ಲರೂ ಲಾರಿ ಕೊಳ್ಳುವವರೇ. ಕಿರಾಣಿ ಅಂಗಡಿಯಲ್ಲಿ ತೃಪ್ತಿಯಾಗಿದ್ದ ನನ್ನ ಗಂಡನಿಗೂ ಆ ಹುಚ್ಚು ಹಿಡಿಯಿತು. ಹೊಸ ಲಾರಿ ಬಂದು ನಮ್ಮ ಬಾಗಿಲ ಮುಂದೆಯೇ ನಿಂತಿತು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ನನಗೆ ಒಂದಿಷ್ಟೂ ಇಷ್ಟವಿರಲಿಲ್ಲ, ಆದರೂ ತುಟಿಪಿಟಕ್ಕೆನ್ನಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ, ಶಾಲೆಯಿಂದ ಬರುತ್ತಾ ಅರ್ಧ ರಸ್ತೆಯಲ್ಲಿದ್ದೆ. ಒಂದು ಲಾರಿ ಮುಂದಿನದನ್ನು ಹಿಂದೆ ಹಾಕಲು ಹೋಗಿ ನೇರ ನನ್ನ ಮೇಲೇ ಬಂತು. ಹೇಗೆ ಹಿಂದೆ ಹಾರಿದೆನೋ ಗೊತ್ತಿಲ್ಲ. ಕೈಚೀಲ ಚಕ್ರದ ಕೆಳಗೆ ಹೋಯಿತು. ಒಳಗಿದ್ದ ಊಟದ ಡಬ್ಬಿ ರೊಟ್ಟಿಯಷ್ಟು ತೆಳ್ಳಗಾಗಿತ್ತು. ನನಗೆ ಒಂದು ಗೀರೂ ಆಗಿರಲಿಲ್ಲ. ಮನೆಗೆ ಬಂದು ಆ ಡಬ್ಬಿಯನ್ನು ಎಲ್ಲರಿಗೂ ತೋರಿಸಿ, ನಕ್ಕು, ಊಟ ಮಾಡಿ ಮಲಗಿದೆ.

ಮರುದಿನ ಬೆಳಿಗ್ಗೆ ಕಟ್ಟೆ ಇಳಿದರೆ ಕಾಲು ಮುಂದಕ್ಕೆ ಬರಲೇ ಇಲ್ಲ. ಎದೆ ಬಿಗಿಯಿತು, ಅಂಗೈ ಬೆವರಿತು, ಕೆಮ್ಮು ಒತ್ತರಿಸಿ ಬಂತು. ನಾನು ಕಂಪ್ಲಿಯ ಹೆಣ್ಣುಮಗಳು. ಹೊಳೆ ತುಂಬಿ ಹರಿಯುವಾಗ ಹರಿಗೋಲಿನಲ್ಲಿ ನಿಂತುಕೊಂಡೇ ದಾಟಿದವಳು. ತವರಿನಲ್ಲಿ ನನ್ನನ್ನು ಗಂಡುಬೀರಿ ಎಂದೇ ಕರೆಯುತ್ತಿದ್ದರು. ಅಂಥವಳು ಟಾರು ರಸ್ತೆಯೊಂದರ ಅಂಚಿನಲ್ಲಿ ಬೆವರುತ್ತಾ ನಿಂತಿದ್ದೆ. ಆ ಕಡೆಯಿಂದ ಮಕ್ಕಳು ಕೈ ಬೀಸುತ್ತಿದ್ದರು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎದೆಯಲ್ಲಿ ಏನೂ ದೋಷವಿಲ್ಲ ಎಂದರು. ನಿದ್ದೆಯ ಮಾತ್ರೆ ಕೊಟ್ಟರು. ಹಾಡುಹಗಲೇ ಬಾಯಿ ಬಿಟ್ಟುಕೊಂಡು ಮಲಗಿದೆ, ಎದ್ದರೆ ಮತ್ತದೇ ಭಯ. ಆಗಸ್ಟಿನಲ್ಲಿ ಮುಖ್ಯೋಪಾಧ್ಯಾಯಿನಿ ಮನೆಗೆ ಬಂದರು. ಒಳ್ಳೆಯ ಹೆಂಗಸು, ಆದರೆ ಮಾತು ಕಡ್ಡಿ ಮುರಿದಂತೆ. ದಸರಾ ರಜೆ ಮುಗಿಯುವವರೆಗೆ ಹೇಗಾದರೂ ನನ್ನ ರಜೆ ನಡೆಸುತ್ತಾರಂತೆ. ಶಾಲೆ ಮತ್ತೆ ತೆರೆದ ದಿನ ನಾನು ಹಾಜರಾಗದಿದ್ದರೆ ನನ್ನ ಜಾಗಕ್ಕೆ ಬೇರೊಬ್ಬರು ಬರುತ್ತಾರಂತೆ, ನನಗೆ ಎಲ್ಲಿ ಖಾಲಿಯಿದೆಯೋ ಅಲ್ಲಿಗೆ ವರ್ಗವಂತೆ. ಅವರು ಹೋದ ಮೇಲೆ ಗಂಡ, ನಮಗೇನು ಕಡಿಮೆಯಾಗಿದೆ, ನೌಕರಿ ಬಿಟ್ಟುಬಿಡು ಎಂದರು. ಹನ್ನೊಂದು ವರ್ಷ ಆ ಶಾಲೆಯಲ್ಲಿ ಅಕ್ಷರ ತಿದ್ದಿಸಿದ್ದೆ. ಒಂದು ರಸ್ತೆಗಾಗಿ ಅದನ್ನು ಬಿಡುವುದೇ?

ಮುಖ್ಯೋಪಾಧ್ಯಾಯಿನಿ ಹೋಗುವಾಗ ಹೊಸಪೇಟೆಯ ಒಬ್ಬ ಹೋಮಿಯೋಪತಿ ಡಾಕ್ಟರ ವಿಳಾಸ ಕೊಟ್ಟಿದ್ದರು. ಗಂಡ ಒಂದು ಬಾಡಿಗೆ ಜೀಪಿನಲ್ಲಿ ನನ್ನನ್ನು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಮುಖದ ಮೇಲೆ ಸೆರಗು ಎಳೆದುಕೊಂಡು, ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದೆ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ದವಾಖಾನೆ. ಡಾಕ್ಟರಿಗೆ ಅರವತ್ತು ದಾಟಿತ್ತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳು. ಬಿಸಿಲು ತಡೆಯುತ್ತದೆಯೇ, ಸಿಹಿ ಸೇರುತ್ತದೆಯೇ ಖಾರ ಸೇರುತ್ತದೆಯೇ, ಕನಸು ಎಂಥವು, ಅಳು ಬಂದಾಗ ಜನ ಬೇಕೋ ಬೇಡವೋ. ಹೆಣ್ಣು ನೋಡಲು ಬಂದವರೂ ನನ್ನನ್ನು ಅಷ್ಟು ಕೇಳಿರಲಿಲ್ಲ. ಲಾರಿಗೂ ಉಪ್ಪಿನಕಾಯಿಗೂ ಏನು ಸಂಬಂಧ ಎಂದು ರೇಗಿದೆ. ಅವರು ಅದನ್ನೂ ಬರೆದುಕೊಂಡರು. ಕೊನೆಗೆ ಪೆನ್ನು ಕೆಳಗಿಟ್ಟರು.

“ಲಾರಿ ಮೈಮ್ಯಾಲೆ ಬಂದಾಗ ನಿಮಗ ಯಾರ ಮ್ಯಾಲ ಸಿಟ್ಟು ಬಂತ್ರಿ, ಟೀಚರ್ರ?”

ಯಾರ ಮೇಲೂ ಇಲ್ಲ ಎಂದೆ. ಪಕ್ಕದಲ್ಲಿ ಗಂಡ ಕೂತಿದ್ದರು. ಡಾಕ್ಟರು ಹೂಂ ಎಂದು ಪೆನ್ನು ಮತ್ತೆ ಕೈಗೆತ್ತಿಕೊಂಡರು.

ಎರಡು ಬಗೆಯ ಔಷಧ ಕೊಟ್ಟರು. ಸಾಬೂದಾನಿ ಕಾಳಿನಷ್ಟು ಸಣ್ಣ ಬಿಳಿ ಗುಳಿಗೆಗಳು ಮೈಗೆ. ಸಣ್ಣ ಸೀಸೆಯಲ್ಲಿ ಹೂವಿನ ಹನಿ ಮನಸ್ಸಿಗೆ. ಆ ಹೂಗಳನ್ನು ನೀರಿನಲ್ಲಿ ತೇಲಿಬಿಟ್ಟು, ಬಿಸಿಲಿಗಿಟ್ಟು ಸತ್ವ ತೆಗೆಯುತ್ತಾರಂತೆ. ಒಂದು ಹಳದಿ ಹೂವು ಕಾರಣ ಗೊತ್ತಿರುವ ಭಯಕ್ಕೆ, ಒಂದು ಬಿಳಿ ಹೂವು ಒಳಗೇ ಕೂತುಬಿಟ್ಟ ಆಘಾತಕ್ಕೆ. ಕೆಡದಿರಲೆಂದು ಚೂರು ಬ್ರಾಂಡಿ ಬೆರೆಸಿರುತ್ತಾರೆ, ಬಿಸಿನೀರಿಗೆ ಹಾಕಿದರೆ ವಾಸನೆ ಹಾರಿಹೋಗುತ್ತದೆ ಎಂದರು. ಕಾಫಿ ಬೇಡ, ಹಸಿ ಉಳ್ಳಾಗಡ್ಡಿ ಬೇಡ, ಘಾಟು ವಾಸನೆಯಿಂದ ಔಷಧವನ್ನು ದೂರವಿಡಿ ಎಂದರು. ದಿನಾ ಹನಿ ಕುಡಿದ ಮೇಲೆ ರಸ್ತೆಯ ಅಂಚಿಗೆ ಹೋಗಿ ಹತ್ತು ಲಾರಿ ದಾಟುವವರೆಗೆ ನಿಲ್ಲಬೇಕಂತೆ. ದಾಟಬೇಡಿ, ಬರೀ ನಿಲ್ಲಿ ಎಂದರು.

ಜೋಳದ ರೊಟ್ಟಿಗೆ ಹಸಿ ಉಳ್ಳಾಗಡ್ಡಿ ಇಲ್ಲವೆಂದರೆ ನಮ್ಮ ಕಡೆ ಅದನ್ನು ಊಟ ಅನ್ನುವುದಿಲ್ಲ. ಅತ್ತೆಗೆ ಮೊದಲು ಸಿಟ್ಟು ಬಂದದ್ದು ಅದಕ್ಕೇ. ಎರಡನೆಯ ಸಿಟ್ಟು ಸೀಸೆಯ ಮುಚ್ಚಳ ತೆಗೆದು ಮೂಸಿದಾಗ.

“ಇದು ಹೂವಿನ ವಾಸನಿ ಅಲ್ಲ, ಯವ್ವಾ,” ಎಂದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದು ಹೇಳಿದೆ. ಮೂರು ಹೊತ್ತು ವಿಭೂತಿ ಹಚ್ಚಿಕೊಳ್ಳುವ ಹೆಂಗಸು, ಲಿಂಗಪೂಜೆ ಆಗದೆ ನೀರೂ ಮುಟ್ಟದವರು. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಔಷಧ ಬಿಡು ಎಂದೂ ಹೇಳಲಿಲ್ಲ. ಸೀಸೆಯನ್ನೂ ಗುಳಿಗೆಯ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ ದೇವರ ಜಗಲಿಯ ಮೇಲೆ ಇಟ್ಟರು. ಅಲ್ಲಿದ್ದರೆ ಯಾವ ಮೈಲಿಗೆಯಿದ್ದರೂ ಹೋಗುತ್ತದೆ ಎಂದರು. ನನಗೂ ಅದೇ ಸರಿ ಅನ್ನಿಸಿತು. ಬೆಳಿಗ್ಗೆ ಸಂಜೆ ಮಂಗಳಾರತಿ ಆದ ಮೇಲೆ ಅತ್ತೆಯ ಕೈಯಿಂದಲೇ ಔಷಧ, ಪ್ರಸಾದದ ಹಾಗೆ.

ನಾಲ್ಕು ವಾರ ಕಳೆಯಿತು. ಒಂದು ಸಾಸಿವೆಯಷ್ಟೂ ಗುಣವಿಲ್ಲ. ರಸ್ತೆಯ ಅಂಚಿಗೆ ಹೋದರೆ ಎರಡನೇ ಲಾರಿಗೇ ಓಡಿ ಬರುತ್ತಿದ್ದೆ. ಎದುರಿನ ಚಹಾದಂಗಡಿಯವರು ನೋಡಿ ನಗುತ್ತಿದ್ದರು. ತಲೆ ಕೆಟ್ಟುಹೋಯಿತು. ಆ ಡಾಕ್ಟರಿಗೆ ನಾಲ್ಕು ಮಾತು ಅಂದೇ ಬರುತ್ತೇನೆಂದು ಮತ್ತೆ ಜೀಪು ಹತ್ತಿದೆ. ಸಕ್ಕರೆ ಗುಳಿಗೆ ಕೊಟ್ಟು ಜನರ ಕಣ್ಣಿಗೆ ಮಣ್ಣೆರಚುತ್ತೀರಾ ಎಂದು ಬಾಗಿಲಲ್ಲೇ ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಔಷಧವನ್ನು ಎಲ್ಲಿಡುತ್ತೀರಿ ಎಂದು ಕೇಳಿದರು. ದೇವರ ಮುಂದೆ ಎಂದೆ, ಸ್ವಲ್ಪ ಜಂಬದಿಂದಲೇ.

“ಕರ್ಪೂರ ಹಚ್ತೀರೇನ್ರಿ?”

ದಿನಕ್ಕೆ ಎರಡು ಸಲ ಎಂದೆ. ಡಾಕ್ಟರು ಕನ್ನಡಕ ತೆಗೆದು ಹಣೆ ಹಿಡಿದುಕೊಂಡರು. ಅವರ ಶಾಸ್ತ್ರದ ಪ್ರಕಾರ ಈ ಔಷಧಕ್ಕೆ ಕರ್ಪೂರದಷ್ಟು ದೊಡ್ಡ ಶತ್ರು ಇನ್ನೊಂದಿಲ್ಲವಂತೆ. ಮುಚ್ಚಿದ ಡಬ್ಬಿಯಲ್ಲಿದ್ದರೂ ಕೆಡುತ್ತದಂತೆ; ಆ ವಾಸನೆ ಮನೆಯಲ್ಲೇ ಇರಬಾರದಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಸ ಔಷಧ ಕಟ್ಟುತ್ತಾ ಅವರು ಇನ್ನೊಂದು ಮಾತು ಕೇಳಿದರು: ಬರುವಾಗ ದಾರಿಯಲ್ಲಿ ಸೆರಗು ಹೊದ್ದಿದ್ದಿರಾ? ಆಗಲೇ ಹೊಳೆದದ್ದು, ಸಿಟ್ಟಿನಲ್ಲಿ ಸೆರಗು ಹೊದೆಯುವುದನ್ನೇ ಮರೆತಿದ್ದೆ. ಮುಂದಿನ ಸೀಟಿನಲ್ಲಿ ಕಣ್ಣು ಬಿಟ್ಟುಕೊಂಡೇ ಬಂದಿದ್ದೆ. ಹಾಗಾದರೆ ಯಾರ ಮೇಲೆ ಸಿಟ್ಟು ಎಂಬ ಹಳೆಯ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತೇನೆ ಎಂದರು. ಅವತ್ತು ಗಂಡ ಹೊರಗೆ ಜೀಪಿನಲ್ಲಿದ್ದರು. ನನ್ನ ಬಾಯಿಂದ ಉತ್ತರ ತಾನಾಗಿ ಬಂತು, ಜೊತೆಗೆ ಅಳುವೂ ಬಂತು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಆ ಡಾಕ್ಟರ ಮೇಜಿನ ಮೇಲೆ ಸುರಿದೆ.

ಸಂಜೆ ಊಟಕ್ಕೆ ಕೂತಾಗ ಅದನ್ನೇ ಗಂಡನ ಮುಖ ನೋಡಿ ಹೇಳಿದೆ. “ಇಷ್ಟೆಲ್ಲಾ ಲಾರಿ ಸಾಲದು ಅಂತ ನೀವೂ ಒಂದು ತಂದ್ರಿ. ನನ್ನನ್ನ ಒಂದು ಮಾತು ಕೇಳಲಿಲ್ಲ.”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಮೊದಲೇ ಹೇಳಬಾರದಿತ್ತೇ ಎಂದರು. ಅದು ನಿಜ, ನಾನು ಹೇಳಿರಲಿಲ್ಲ. ಮರುದಿನದಿಂದ ಲಾರಿ ಗ್ಯಾರೇಜಿನ ಹತ್ತಿರ ನಿಂತಿತು, ನಮ್ಮ ಬಾಗಿಲು ಬಯಲಾಯಿತು.

ಇನ್ನು ಅತ್ತೆಗೆ ಹೇಳಬೇಕಿತ್ತು. ದೇವರ ಮುಂದಿಟ್ಟ ಔಷಧ ಕೆಡುತ್ತದೆಯೇ ಎಂದು ಅವರು ಮುಖ ಸಣ್ಣದು ಮಾಡಿಕೊಂಡರು. ಔಷಧವನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ, ನೀವು ಬೇಜಾರು ಮಾಡಿಕೊಳ್ಳಬೇಡಿ ಎಂದೆ. ಮರುದಿನ ಬೆಳಿಗ್ಗೆ ಪೂಜೆಯಲ್ಲಿ ನೋಡಿದರೆ ಆರತಿ ತಟ್ಟೆಯಲ್ಲಿ ತುಪ್ಪದ ಬತ್ತಿ ಉರಿಯುತ್ತಿದೆ. ಕರ್ಪೂರದ ಡಬ್ಬಿ ಪಕ್ಕದ ಮನೆಗೆ ಹೋಗಿತ್ತು. ನಲವತ್ತು ವರ್ಷದಿಂದ ಒಂದು ದಿನ ತಪ್ಪಿಸದ ಹೆಂಗಸು. ನಾನು ಬೇಡ ಅತ್ತೀ ಎಂದೆ.

“ಕರ್ಪೂರ ಇಲ್ಲದಿದ್ರ ದೇವ್ರು ಸಿಟ್ಟಾಗಂಗಿಲ್ಲ. ನೀ ಹಿಂಗ ಮನ್ಯಾಗ ಕುಂತ್ರ ನನಗ ಸಿಟ್ಟು ಬರತೈತಿ,” ಎಂದರು.

ಮಧ್ಯಾಹ್ನ ಅವರ ತಟ್ಟೆಯಲ್ಲೂ ಉಳ್ಳಾಗಡ್ಡಿ ಇರಲಿಲ್ಲ. ಕೇಳಿದರೆ ಹಲ್ಲು ನೋವು ಎಂದರು. ಆ ಹಲ್ಲು ನೋವು ಆರು ವಾರ ವಾಸಿಯಾಗಲಿಲ್ಲ.

ಅವತ್ತಿನಿಂದ ದಿನಾ ಬೆಳಿಗ್ಗೆ ಹನಿ ಕುಡಿದು ಇಬ್ಬರೂ ರಸ್ತೆಯ ಅಂಚಿಗೆ ಹೋಗಿ ನಿಲ್ಲುವುದು. ಅತ್ತೆ ಒಂದೊಂದು ಲಾರಿಗೂ ಒಂದೊಂದು ಹೆಸರಿಡುತ್ತಿದ್ದರು: ಇದು ಕುಂಟ, ಇದು ದಮ್ಮಿನ ರೋಗಿ, ಇದು ಮದುಮಗ. ಎರಡನೇ ವಾರ ಹತ್ತು ಲಾರಿ ದಾಟುವವರೆಗೆ ನಿಂತೆ. ನಾಲ್ಕನೇ ವಾರ ಕೆಮ್ಮು ಬಿಟ್ಟಿತು, ನಿದ್ದೆ ಬಂತು. ಅಲ್ಲಿಯವರೆಗೆ ಕನಸಿನಲ್ಲಿ ಕಾಣುತ್ತಿದ್ದ ಚಕ್ರ ಕಾಣಲಿಲ್ಲ. ಗುಳಿಗೆಯಿಂದಲೋ, ಹೂವಿನ ಹನಿಯಿಂದಲೋ, ಗಂಡನಿಗೆ ಬಾಯಿಬಿಟ್ಟು ಹೇಳಿದ್ದರಿಂದಲೋ, ಅತ್ತೆಯ ಹಟದಿಂದಲೋ, ನನಗೆ ಗೊತ್ತಿಲ್ಲ. ಸಕ್ಕರೆ ತಿಂದು ವಾಸಿಯಾದವಳು ಎಂದು ಈಗಲೂ ನಗುವವರಿದ್ದಾರೆ. ನಗಲಿ. ಆ ಔಷಧವಿಲ್ಲದಿದ್ದರೆ ನಾನು ಆ ಕಟ್ಟೆ ಇಳಿಯುತ್ತಿರಲಿಲ್ಲ, ಅತ್ತೆಯೂ ಇಳಿಯುತ್ತಿರಲಿಲ್ಲ.

ದಸರಾ ರಜೆ ಮುಗಿದು ಶಾಲೆ ತೆರೆಯಿತು. ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು ಹೊರಬಿದ್ದೆ. ಅತ್ತೆ ಕೈ ಚಾಚಿದರು. ಬ್ಯಾಡ್ರಿ, ಇಲ್ಲೇ ನಿಂದ್ರಿ ಎಂದೆ. ನಮ್ಮ ಬದಿಯ ಮಕ್ಕಳು ಏಳೆಂಟು ಜನ ಪಾಟಿಚೀಲ ಹಿಡಿದು ಆಗಲೇ ಕಾಯುತ್ತಿದ್ದರು. ಲಾರಿಗಳ ಸಾಲು ಕಡಿಯುತ್ತಲೇ ಇಲ್ಲ. ಪ್ರಾರ್ಥನೆಯ ಗಂಟೆ ಕೇಳಿಸಿತು. ಮಕ್ಕಳು ಮುಂದೆ ಹೆಜ್ಜೆ ಇಡುವುದು, ಹಾರ್ನ್ ಕೇಳಿ ಹಿಂದೆ ಸರಿಯುವುದು. ಅದನ್ನು ನೋಡಿದ್ದೇ ನನ್ನ ಪಿತ್ತ ನೆತ್ತಿಗೇರಿತು. ರಸ್ತೆಗಿಳಿದು ಬಲಗೈ ಎತ್ತಿ ನಿಂತುಬಿಟ್ಟೆ. ಮುಂದಿನ ಲಾರಿಯವನು ಹಾರ್ನ್ ಒತ್ತಿದ. ಮಾಸ್ತರಿಕೆ ಮಾಡುವವಳು ಆಡಬಾರದ ಮಾತುಗಳನ್ನೆಲ್ಲ ಅವನಿಗೆ ಆಡಿದೆ. ಬ್ರೇಕು ಕಿರುಗುಟ್ಟಿತು. ಅವನ ಹಿಂದಿನವನು ನಿಂತ, ಅವನ ಹಿಂದಿನವನೂ ನಿಂತ. ಆ ಕಡೆಯಿಂದ ಬರುತ್ತಿದ್ದವರೂ ನಿಂತರು. ತಿರುವಿನವರೆಗೆ ಇಡೀ ಸಾಲು ನನ್ನ ಒಂದು ಕೈಗೆ ನಿಂತಿತು.

ಎದೆ ಮತ್ತೆ ಬಿಗಿಯಿತು; ಸುಳ್ಳು ಯಾಕೆ ಹೇಳಲಿ. ಬಿಗಿಯಲಿ ಅಂದುಕೊಂಡೆ. ಕಾಲುಗಳು ನಡೆಯುತ್ತಿದ್ದವು, ಅಷ್ಟು ಸಾಕಾಗಿತ್ತು. ಮಕ್ಕಳು ನನ್ನ ಬೆನ್ನ ಹಿಂದೆ ಸಾಲಾಗಿ ಬಂದರು.

ಆಫೀಸು ಕೋಣೆಯಲ್ಲಿ ನನ್ನ ಜಾಗಕ್ಕೆಂದು ಬಂದ ಹುಡುಗಿ ಆದೇಶದ ಕಾಗದ ಹಿಡಿದು ಕೂತಿದ್ದಳು. ಮುಖ್ಯೋಪಾಧ್ಯಾಯಿನಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಏನೂ ಕೇಳದೆ ಹಾಜರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಸಹಿ ಮಾಡಿದೆ. ಆ ಹುಡುಗಿಗೆ ಪಾಪ, ಚಹಾ ಕುಡಿಸಿ ಕಳಿಸಿದೆವು.

ನಾಲ್ಕನೇ ತರಗತಿಯಲ್ಲಿ ಹಾಜರಿ ಕೂಗಿ ಮುಗಿಸಿದ್ದೆ. ನನ್ನ ಹಿಂದೆಯೇ ದಾಟಿ ಬಂದಿದ್ದ ಒಂದು ಹುಡುಗಿ ಎದ್ದು ನಿಂತಳು.

“ಟೀಚರ್, ಸಂಜೀಗೆ ಮತ್ತ ದಾಟಬೇಕಲ್ರಿ?”

“ದಾಟಬೇಕು,” ಎಂದೆ. “ಗಂಟಿ ಹೊಡದ ಕೂಡ್ಲೆ ಎಲ್ಲಾರೂ ಗೇಟಿಗೆ ಬರ್ರಿ. ನಾ ಮುಂದ ಇರತೇನಿ.”